ಎತ್ತುವ ಮುನ್ನ

ಚೈನು ಕಟಕಟ ಅನ್ನುತ್ತಿತ್ತು.
ವೈಯಾಲದ ವರ್ಕ್‌ಶಾಪಿನವನು ಬ್ರೇಕ್ ಪ್ಯಾಡ್ ಬದಲಿಸಿ
ನೂರೆಂಬತ್ತು ಡಾಲರ್ ಇಸಿದುಕೊಂಡ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಕಟಕಟ ಹಾಗೇ ಇತ್ತು.

ಆಮೇಲೆ ಅಂಗಡಿಗೆ ಹೋದೆ. ಮೂರಿದ್ದವು.
ತಿರುಪು ತಿರುಗಿಸಿದಷ್ಟೂ ಏಳುವ ಕತ್ತರಿ ಜಾಕು,
ಊಟದ ಡಬ್ಬಿಯಷ್ಟೇ ಅಗಲ.
ಹಿಂಗಾಲಿಗೆ ಮಾತ್ರ ಹೆಗಲು ಕೊಡುವ ಒಂದು ಸ್ಟ್ಯಾಂಡು.
ಮತ್ತೆ ಆ ಕೆಂಪನೆಯದು, ಎಣ್ಣೆಯ ಒತ್ತಡದ್ದು,
ಏಳುನೂರು ಕಿಲೋ ಎತ್ತುತ್ತೇನೆಂದು ಮೈಮೇಲೇ ಬರೆದುಕೊಂಡು ನಿಂತಿತ್ತು,
ಚುನಾವಣೆಗೆ ನಿಂತವರ ಹಾಗೆ.

"ಭಾರ ನೋಡಬೇಡ, ಹೊಟ್ಟೆ ನೋಡು," ಅಂದ ಸ್ಟೀಪೆ.
ಪಕ್ಕದ ಮನೆಯವನು; ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕ್ರೇನಿನ ಮೇಲೆ ಕೂತವನು,
ಈಗ ಏಣಿ ಹತ್ತಲು ಹೆದರುತ್ತಾನೆ.
ಗ್ಯಾರೇಜಿನ ನೆಲದಲ್ಲಿ ಅಂಗಾತ ಮಲಗಿ ಟಾರ್ಚು ಬಿಟ್ಟೆ:
ಎಣ್ಣೆ ತುಂಬಿದ ತೆಳು ಬೋಗುಣಿ,
ಅದಕ್ಕೆ ಅಂಟಿಕೊಂಡೇ ಹಾಯುವ ಸೈಲೆನ್ಸರ್ ಕೊಳವೆ,
ಅತ್ತಿತ್ತ ಚೌಕಟ್ಟಿನ ಎರಡು ಕಂಬಿ, ಅವೂ ಸಮವಿಲ್ಲ.
ಇಲ್ಲಿ ಮುಟ್ಟು, ಅಲ್ಲಿ ಬೇಡ
ಎಂದು ನರಳುವ ಬಾಯಾದರೂ ಇದ್ದಿದ್ದರೆ.

ನರಳುವ ಬಾಯಿಗಳು ನನಗೆ ಗೊತ್ತು.
ರಾತ್ರಿ ಪಾಳಿಯಲ್ಲಿ ಡೋರೀನ್‌ಳನ್ನು ಜೋಲಿಯಲ್ಲಿ ಕೂರಿಸಿ
ಯಂತ್ರದಿಂದ ಎತ್ತುವವಳು ನಾನೇ.
ಪಟ್ಟಿ ನಾಲ್ಕು, ಕೊಕ್ಕೆ ನಾಲ್ಕು, ಎರಡು ಸಲ ಎಣಿಕೆ.
ಹಾಸಿಗೆಯಿಂದ ಒಂದು ಬೆರಳು ಮೇಲೆದ್ದಾಗ ನಿಲ್ಲಿಸಬೇಕು,
ಮುಖ ನೋಡಬೇಕು.
ಮುಂದಿನದೆಲ್ಲ ಬರೀ ಗುಂಡಿ ಒತ್ತುವ ಕೆಲಸ.

ಕೆಂಪನೆಯದನ್ನೇ ತಂದೆ.
ಭಾನುವಾರ ಮಧ್ಯಾಹ್ನ, ಹೊರಗೆ ನಲವತ್ತು ಡಿಗ್ರಿ.
ಮುಂದಿನ ಚಕ್ರಕ್ಕೆ ಎರಡೂ ಕಡೆ ಇಟ್ಟಿಗೆ.
ಮುಂದಿನ ಬ್ರೇಕನ್ನು ಹಿಡಿಯೊಂದಿಗೆ ಬಿಗಿಯಾಗಿ ಸುತ್ತಿದೆ,
ಉಳುಕಿದ ಮಣಿಕಟ್ಟಿಗೆ ಸುತ್ತುವ ಪಟ್ಟಿಯಿಂದಲೇ.
ಕೊಳವೆಗೆ ತಾಗದಂತೆ ಕಂಬಿಗಳ ಕೆಳಗೆ ಮರದ ತುಂಡು,
ಮರದ ಮೇಲೆ ರಬ್ಬರು.
ಕಾಲು ಒತ್ತಿದೆ. ಒತ್ತಿದೆ.
ಹಿಂದಿನ ಚಕ್ರ ನೆಲ ಬಿಟ್ಟಿತೋ ಇಲ್ಲವೋ
ಇಡೀ ಬೈಕು ನನ್ನ ಕಡೆಗೆ ತಲೆ ಹಾಕಿತು,
ಬಸ್ಸಿನಲ್ಲಿ ಪಕ್ಕದವರು ತೂಕಡಿಸುವಂತೆ.

ಹಿಡಿಯಲು ಹೋಗಲಿಲ್ಲ. ಇನ್ನೂರ ಮೂವತ್ತು ಕಿಲೋವನ್ನು
ಐವತ್ತಾರು ಕಿಲೋ ಹಿಡಿಯುವುದಿಲ್ಲ.
ಕೀಲು ಸಡಿಲಿಸಿದೆ, ಉಸ್ಸೆಂದು ಇಳಿಯಿತು.
ಎದೆ ಮಾತ್ರ ಇಳಿಯಲಿಲ್ಲ.

ಅಪ್ಪ ಬೀದರಿನ ಗಂಜಿನಲ್ಲಿ ಹಮಾಲಿ,
ಜಾಕು ಗೀಕು ಕಂಡವನಲ್ಲ.
"ಚೀಲಕ್ಕ ಮೊದಲ ಕೈ ಹಚ್ಚಿ ಕೇಳ್ಬೇಕವ್ವ ಸುವಾರ್ತಾ,
ನಿನ್ನ ಜೀವ ಎಲ್ಲದ ಅಂತ. ಆಮ್ಯಾಲ ಹೊರಬೇಕು."
ತೊಗರಿಗೆ ಎಲ್ಲಿ ಜೀವ, ಅಂತ ನಗುತ್ತಿದ್ದೆ.
ಎತ್ತು ಎಂದರೆ ನಮ್ಮಲ್ಲಿ ಎರಡು:
ಹೊರುವ ಪ್ರಾಣಿ, ಹೊರಿಸುವ ಅಪ್ಪಣೆ.
ಅವನು ಯಾವುದಕ್ಕೆ ಓಗೊಡುತ್ತಿದ್ದನೋ.

ಸೀಟಿನ ಮೇಲೆ ಕೈಯಿಟ್ಟು ಮೆಲ್ಲಗೆ ಅಲ್ಲಾಡಿಸಿದೆ.
ಜೀವ ನಾನೆಣಿಸಿದ್ದಕ್ಕಿಂತ ಹಿಂದಿತ್ತು, ತುಸು ಬಲಕ್ಕೆ.
ಜಾಕನ್ನು ಎರಡು ಬೆರಳು ಸರಿಸಿದೆ.
ಒಂದು ಬೆರಳು ಎತ್ತಿ ನಿಲ್ಲಿಸಿದೆ, ಮುಖವಿಲ್ಲದ್ದರ ಮುಖ ನೋಡಿದೆ.
ಮತ್ತೆ ಒತ್ತಿದೆ.
ಎದ್ದಿತು, ನೆಟ್ಟಗೆ, ಯಾರ ಹಂಗೂ ಇಲ್ಲದಂತೆ.

"ಸರಳು ಹಾಕು!" ಬೇಲಿಯಾಚೆಯಿಂದ ಸ್ಟೀಪೆ.
"ಎಣ್ಣೆಯನ್ನು ನಂಬಬೇಡ, ಹೊತ್ತು ಕಳೆದಂತೆ ಮನಸ್ಸು ಬದಲಿಸುತ್ತದೆ."
ಸರಳು ಕಚ್ಚಿಗೆ ಬಿತ್ತು, ಟಕ್.
ಆಗಲೇ ಪಟ್ಟಿ ಎಳೆದು ಕಟ್ಟಿ ಕೈ ಬಿಟ್ಟದ್ದು.

ಗಾಳಿಯಲ್ಲಿ ಚಕ್ರ ತಿರುಗಿಸಿದರೆ ಎಲ್ಲಿಗೂ ಹೋಗುವುದಿಲ್ಲ,
ಏನು ಕೆಟ್ಟಿದೆಯೆಂದು ಮಾತ್ರ ಹೇಳುತ್ತದೆ.
ನೂರೆಂಟು ಕೊಂಡಿ.
ಅದರಲ್ಲಿ ಒಂದು ಮಡಚಲು ಒಪ್ಪದೆ ಸೆಟೆದು ಕೂತಿತ್ತು,
ಅಷ್ಟೇ.

ಆ ರಾತ್ರಿ ಡೋರೀನ್ ನನ್ನ ಉಗುರು ನೋಡಿ ಕೇಳಿದಳು,
"ಚೈನಿನ ಎಣ್ಣೆಯಾ?"
ಅವಳಿಗೆ ಹೇಗೆ ಗೊತ್ತು ಎಂದು ಕೇಳಲು ಹೊರಟವಳು
ಮೊದಲು ಕೊಕ್ಕೆ ಎಣಿಸಿದೆ. ನಾಲ್ಕು.
ಇನ್ನೊಮ್ಮೆ.
ಮೂರನೆಯ ಸಲವೂ.